ಈರುಳ್ಳಿ ಮಂಡಿಯಲ್ಲಿ ತೂಗಿದ ಮನೆ

೧೯೫೫ರಲ್ಲಿ ನಾನು ಚಾಮರಾಜನಗರದಲ್ಲಿ ಮೋಟಾರು ವಾಹನಗಳ ಇನ್‌ಸ್ಪೆಕ್ಟರನಾಗಿದ್ದೆ. ಗುಂಡ್ಲುಪೇಟೆಯೂ ನನ್ನ ವ್ಯಾಪ್ತಿಗೆ ಸೇರಿತ್ತು. ಜನ ನಮ್ಮನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುತ್ತಿದ್ದರು. ಲಾರಿ, ಬಸ್ಸುಗಳು ರಸ್ತೆಗೆ ಇಳಿಯಲು ಯೋಗ್ಯವೇ ಎಂದು ನೋಡಿ ಸಹಿ ಹಾಕುವುದು ನಮ್ಮ ಕೆಲಸ. ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಇಲ್ಲಿ ಹೇಳಹೊರಟಿರುವ ದಿನದ ಪುಟವನ್ನು ಈಗ ತೆರೆದರೆ ತೂಕಗಳಿವೆ, ಟೈರಿನ ಸ್ಥಿತಿ ಇದೆ, ಬಿಸಿಲು ಜಾಸ್ತಿ ಇತ್ತೆಂಬ ಒಂದು ಸಾಲು ಇದೆ. ಯಾರು ಏನೆಂದರು ಎಂಬುದು ಇಲ್ಲ. ಅದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಇಷ್ಟು ವರ್ಷ ಒಬ್ಬನೇ ನೆನೆಸಿಕೊಂಡ ಮಾತುಗಳಲ್ಲಿ ಅವರದೆಷ್ಟು, ನನ್ನದೆಷ್ಟು ಎಂದು ಖಚಿತವಾಗಿ ಹೇಳಲಾರೆ.

ನನ್ನ ಹೆಂಡತಿ ಮದುವೆಯಾದ ಎರಡನೇ ವರ್ಷವೇ ತೀರಿಕೊಂಡಿದ್ದಳು. ಅದಾದ ಮೇಲೆ ಬಂದ ಮೊದಲ ವರ್ಗಾವಣೆ ಇದು. ಎಣ್ಣೆ ಗಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೆ, ಊಟ ಹೋಟೆಲಿನಲ್ಲಿ. ದಿನವೆಲ್ಲ ಜನರೊಡನೆ ಮಾತಾಡುತ್ತಿದ್ದೆ, ಆದರೆ ಎಲ್ಲವೂ ಬ್ರೇಕಿನ ಮಾತು, ದೀಪದ ಮಾತು. ಸಹಿ ಬಿದ್ದ ಕೂಡಲೇ ಮಾತು ಮುಗಿಯುತ್ತಿತ್ತು. ಅವರನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಲು ಬೇಕಿಲ್ಲದ ಪ್ರಶ್ನೆ ಕೇಳುತ್ತಿದ್ದುದೂ ಉಂಟು.

ಅಂಥ ದಿನಗಳಲ್ಲಿ ಗುಂಡ್ಲುಪೇಟೆಯ ಮಾದಪ್ಪ ಎಂಬಾತ ನನ್ನ ಕಚೇರಿಗೆ ಬಂದ. ಮೂವತ್ತು ದಾಟಿರಬಹುದು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಅವನ ಅಣ್ಣ ಗುರುಸಿದ್ದಪ್ಪನವರದು ಅಲ್ಲಿ ಈರುಳ್ಳಿ ಮಂಡಿ. ಮಾದಪ್ಪ ಪಾಲು ತೆಗೆದುಕೊಂಡು ಹೊರಬಂದಿದ್ದ. ಆ ಹಣದಲ್ಲಿ, ನೀಲಗಿರಿಯ ತೋಟ ಮಾರಿ ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಒಂದು ಹಳೆಯ ಸಣ್ಣ ಕಾರನ್ನೂ ಒಂದು ಕಾರವಾನನ್ನೂ ಕೊಂಡಿದ್ದ. ಕಾರವಾನ್ ಎಂದರೆ ಎರಡು ಗಾಲಿಯ ಮೇಲಿನ ಪುಟ್ಟ ಮನೆ. ಒಳಗೆ ಮಂಚ, ಅಡಿಗೆಕಟ್ಟೆ, ಕಿಟಕಿ ಎಲ್ಲ ಇರುತ್ತವೆ. ಅದಕ್ಕೆ ಎಂಜಿನ್ ಇಲ್ಲ. ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು.

"ಸಂತೆ ಸಂತೆಗೂ ಓಗಿ ಮಕ್ಕಳ ಬಟ್ಟೆ ಮಾರನ ಅಂತ ಸ್ವಾಮಿ. ನಮ್ಮನೆಯವ್ಳು ಒಳ್ಗೇ ಕೂತು ಒಲಿತಾಳೆ. ಇರದೂ ಅದ್ರಲ್ಲೇ" ಎಂದ.

ಆದರೆ ಮೊದಲ ಪ್ರಯಾಣದಲ್ಲೇ ಬೇಗೂರಿನ ಕಡೆಯ ಇಳಿಜಾರಿನಲ್ಲಿ ಗಾಡಿ ಎಡಕ್ಕೂ ಬಲಕ್ಕೂ ಓಲಾಡಿ, ಎದುರಿನ ಲಾರಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತ್ತು. ಲಾರಿಯವನು ದೂರು ಕೊಟ್ಟಿದ್ದ. ಈಗ ನಾನು ನೋಡಿ ಯೋಗ್ಯವೆಂದು ಬರೆದುಕೊಟ್ಟರೆ ಮಾತ್ರ ಅದು ರಸ್ತೆಗೆ ಇಳಿಯಬಹುದು.

"ನೀವು ಆಗಕಿಲ್ಲ ಅಂದ್ಬುಟ್ರೆ ನಮ್ಮಣ್ಣ ಅದ ಈರುಳ್ಳಿ ಕಾಯೋ ಗುಡ್ಲು ಮಾಡ್ಕತಾರಂತೆ. ನಾವು ತಿರ್ಗ ಆ ಮನೆಗೇ ಓಗ್ಬೇಕು" ಎಂದ. ಆಮೇಲೆ ದನಿ ಇಳಿಸಿ, "ನಂಗೇನೋ ಆಯ್ತದೆ ಸ್ವಾಮಿ. ಅವ್ಳಿಗೆ ಆಗಕಿಲ್ಲ" ಎಂದು ಸೇರಿಸಿದ.

ನಾನು ಕಾರವಾನನ್ನು ಅದುವರೆಗೆ ಕಣ್ಣಿನಿಂದ ನೋಡಿರಲಿಲ್ಲ. ಟ್ರಾಕ್ಟರು, ಲಾರಿಗಳ ಟ್ರೇಲರು ಗೊತ್ತಿತ್ತು. ನನ್ನ ಬಳಿಯಿದ್ದ ಇಂಗ್ಲಿಷ್ ಕೈಪಿಡಿಯೊಂದರಲ್ಲಿ ಕಾರವಾನಿನ ಬಗ್ಗೆ ಕೆಲವು ಪುಟಗಳಿದ್ದವು. ರಾತ್ರಿ ಊಟವಾದ ಮೇಲೆ ಅದನ್ನು ಓದಿದೆ. ಮುಖ್ಯ ಸಂಗತಿಗಳು ಎರಡು. ಒಂದು, ಎಳೆಯುವ ಕಾರು ಎಳೆಸಿಕೊಳ್ಳುವ ಮನೆಗಿಂತ ಸಾಕಷ್ಟು ಭಾರವಾಗಿರಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಮನೆಯೇ ಕಾರನ್ನು ನಡೆಸುತ್ತದೆ. ಮನೆಯ ಭಾರ ಕಾರಿನ ತೂಕದ ನಾಲ್ಕರಲ್ಲಿ ಮೂರು ಪಾಲು ಮೀರದಿದ್ದರೆ ಒಳ್ಳೆಯದು ಎಂದು ನಾನು ಲೆಕ್ಕ ಇಟ್ಟುಕೊಂಡೆ. ಇನ್ನೊಂದು, ನೋಸ್ ವೇಯ್ಟ್, ಅಂದರೆ ಕಾರವಾನಿನ ಮೂತಿ ಕಾರಿನ ಕೊಕ್ಕೆಯನ್ನು ಕೆಳಕ್ಕೆ ಒತ್ತುವ ಭಾರ. ಅದು ತೀರ ಕಡಿಮೆಯಾದರೆ ಗಾಡಿಯ ಹಿಂಭಾಗ ಬಾಲದಂತೆ ಆಡತೊಡಗುತ್ತದೆ.

ಮರುವಾರ ಗುಂಡ್ಲುಪೇಟೆಗೆ ಹೋದೆ. ಕಾರವಾನು ಮಂಡಿಯ ಅಂಗಳದಲ್ಲಿ ನಿಂತಿತ್ತು. ತಿಳಿಹಸಿರು ಬಣ್ಣ ಎಂದು ನೆನಪು, ಹಳದಿಯೂ ಇದ್ದೀತು. ಕಿಟಕಿಗೆ ಹೂವಿನ ಚಿತ್ರದ ಪರದೆ ಕಟ್ಟಿತ್ತು. ಟೈರು, ಬ್ರೇಕು, ಕೊಕ್ಕೆ ಎಲ್ಲ ಸರಿಯಾಗಿದ್ದವು. ಒಳಗೇನೇನು ತುಂಬಿದ್ದೀರಿ ಎಂದು ಕೇಳಿದೆ.

ಮಾದಪ್ಪ ಬೆರಳು ಮಡಿಸುತ್ತ ಹೇಳಿದ: "ಒಲ್ಗೆ ಮಿಷನ್ನು, ಎಲ್ಡು ಬಟ್ಟೆ ಗಂಟು, ಟ್ರಂಕು, ಒಳ್ಕಲ್ಲು, ಪಾತ್ರೆ ಪಗಡಿ, ಅಕ್ಕಿ, ರಾಗಿಹಿಟ್ಟು, ದೇವ್ರ ಪಟ. ಇಷ್ಟೇಯ."

ಎಲ್ಲವನ್ನೂ ಇಳಿಸಿ ಮಂಡಿಯ ಕಾಟಾದ ಮೇಲೆ ತೂಗಿಸಿದೆ. ಸುಮಾರು ನಾಲ್ಕುನೂರೈವತ್ತು ಪೌಂಡು. ಖಾಲಿ ಗಾಡಿಯ ತೂಕ ಸಾವಿರದ ನೂರು ಎಂದು ಅದರ ತಗಡಿನ ಮೇಲೇ ಕೊರೆದಿತ್ತು. ಕಾರಿನದು ಎರಡು ಸಾವಿರ. ನನ್ನ ಲೆಕ್ಕಕ್ಕಿಂತ ಭಾರ ಐವತ್ತು ಪೌಂಡು ಹೆಚ್ಚಾಗಿತ್ತು, ಸರಿಪಡಿಸಲಾಗದಷ್ಟಲ್ಲ. ಸಾಮಾನನ್ನು ಮೊದಲಿದ್ದ ಜಾಗದಲ್ಲೇ ಇಡಿಸಿ, ಮೂತಿಯನ್ನು ಕಾಟಾದ ಮೇಲೆ ಊರಿಸಿದೆ. ಮೂವತ್ತು ಪೌಂಡು ತೋರಿಸಿತು. ನೂರರ ಹತ್ತಿರ ಇರಬೇಕಿತ್ತು.

"ಮೂತಿ ಇಷ್ಟು ಹಗುರ ಯಾಕೆ ಮಾಡಿದಿರಿ?"

"ಮುಂಬಾರ ಆಗ್ಬಾರ್ದಲ್ವಾ ಸ್ವಾಮಿ? ಅದ್ಕೇ ಸಾಮಾನೆಲ್ಲ ಇಂದ್ಕೆ ಏರ್ದೆ. ಎತ್ತಿನ ಕತ್ನ ಮ್ಯಾಲೆ ನೊಗ ಒತ್ತುದ್ರೆ ಪಾಪ ಅದು ಎಂಗೆ ಎಳ್ದಾತು?"

ಅವನು ಕಾರನ್ನು ಎತ್ತಿನಂತೆ ಕಂಡಿದ್ದ. ತಲೆತಲಾಂತರದಿಂದ ಗಾಡಿ ಹೇರಿದ ಮನೆತನ. ಎಳೆಯುವುದರ ಕತ್ತಿಗೆ ನೋವಾಗದಂತೆ ಹೇರುವುದು ಅವರಿಗೆ ಧರ್ಮ. ಕಾರಿಗೆ ಕತ್ತಿಲ್ಲ, ಅದಕ್ಕೆ ಒತ್ತಡವೇ ಹಿಡಿತ ಎಂದು ವಿವರಿಸಿದೆ. ಅವನಿಗೆ ನನ್ನ ಮಾತು ಕ್ರೂರವಾಗಿ ಕೇಳಿಸಿರಬೇಕು.

ಆದರೂ ಒಂದು ಅನುಮಾನ ಉಳಿಯಿತು. ಗಾಡಿ ಇದ್ದಂತೆಯೇ ಇರಲಿ ಎಂದು ಹೇಳಿ, ಕಾರಿನಲ್ಲಿ ಅವನ ಪಕ್ಕ ಕೂತು ಅದೇ ಇಳಿಜಾರಿನವರೆಗೆ ಹೋಗಿಬಂದೆ. ಸ್ವಲ್ಪ ಅಲುಗಿತು, ಲಾರಿಗೆ ಬಡಿಯುವಂತೆ ಓಲಾಡಲಿಲ್ಲ. ಹಾಗಾದರೆ ಅಂದು ಆದದ್ದೇನು? ಅಂಗಳಕ್ಕೆ ಮರಳಿ, ಅಂದು ಇನ್ನೇನಾದರೂ ಇತ್ತೇ ಎಂದು ಎರಡು ಸಲ ಕೇಳಿದೆ. ಇರಲಿಲ್ಲ ಎಂದು ಮಾದಪ್ಪ ಆಣೆ ಮಾಡುವ ಹಾಗೆ ಹೇಳಿದ.

ಮಂಡಿಯ ಬಾಗಿಲ ಮರೆಯಿಂದ ಒಂದು ಹೆಣ್ಣು ದನಿ ಬಂತು. "ನಾನು ಇರ್ನಿಲ್ವಾ ಒಳ್ಗೆ?"

ಅದು ಮಾದಪ್ಪನ ಹೆಂಡತಿ ಶಿವಮ್ಮ. ಗಾಡಿ ಓಡುವಾಗ ಆಕೆ ಕಾರವಾನಿನೊಳಗೆ, ಹಿಂಬದಿಯ ಅಡಿಗೆಕಟ್ಟೆಯ ಪಕ್ಕ ಕೂತಿದ್ದಳು. ಮುಂದೆ ಕಾರಿನಲ್ಲಿ ಗಂಡ, ಅವನ ಪಕ್ಕದ ಸೀಟು ಖಾಲಿ. ಪೇಟೆಬೀದಿಯಲ್ಲಿ ಹೆಂಗಸು ಗಂಡನ ಸಮಕ್ಕೆ ಮುಂದೆ ಕೂತು ಹೋಗುವುದು ಆಗ ಆ ಮನೆತನದಲ್ಲಿ ಇರಲಿಲ್ಲ. ಮಾದಪ್ಪ ದೇವರ ಪಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಆಕೆಯ ತೂಕ ಅವನಿಗೆ ಹೊಳೆದಿರಲಿಲ್ಲ. ಕೇಳುವುದು ನನಗೂ ಹೊಳೆದಿರಲಿಲ್ಲ.

"ತಾಯಿ, ಅವತ್ತು ಕೂತ ಜಾಗದಲ್ಲೇ ಒಂದು ಸಲ ಕೂತ್ಕೊಳ್ಳಿ" ಎಂದೆ.

ಮಾದಪ್ಪ ಮೂತಿಯನ್ನು ಮತ್ತೆ ಕಾಟಾದ ಮೇಲಿಟ್ಟು ಕೈಯಲ್ಲಿ ಹಿಡಿದುಕೊಂಡ. ಆಕೆ ತಲೆ ತಗ್ಗಿಸಿ ಹತ್ತಿದಳು. ಅಂಗಳದಲ್ಲಿದ್ದ ಹಮಾಲರು ಕೆಲಸ ಬಿಟ್ಟು ಸುತ್ತ ಸೇರಿದರು. ಆಕೆ ಹಿಂದೆ ಹೋಗಿ ಕೂತದ್ದೇ ಮೂತಿ ಮೆಲ್ಲಗೆ ಮೇಲೆದ್ದಿತು. ಕಾಟಾ ಸೊನ್ನೆಗೆ ಬಂತು.

"ಅಕ್ಕಾರು ಕೂತ್ರೆ ತೂಕನೇ ಓಗ್ಬುಡ್ತದಲ್ಲಾ!" ಎಂದು ಒಬ್ಬ ನಕ್ಕ.

ಗುರುಸಿದ್ದಪ್ಪನವರು ಗದ್ದುಗೆಯ ಮೇಲಿಂದ ಏಳದೆಯೇ ಹೇಳಿದರು: "ಈ ಮನೇಲಿ ಅವಳ ತೂಕ ಯಾವಾಗ್ಲೂ ಅಷ್ಟೇ ಕಣ್ಲಾ."

ಎಲ್ಲರೂ ನಕ್ಕರು. ಮಾದಪ್ಪನೂ ನಕ್ಕನೇ? ನಕ್ಕನೆಂದೇ ನನ್ನ ನೆನಪು, ಆದರೆ ಅದರ ಮೇಲೆ ನನಗೆ ಭರವಸೆಯಿಲ್ಲ. ಕಾರವಾನಿನ ಕಿಟಕಿಯ ಪರದೆ ಅಲುಗಲಿಲ್ಲ.

ನನ್ನ ಕೆಲಸ ಆಮೇಲೆ ಸುಲಭವಾಯಿತು. ಒಳಕಲ್ಲು, ಟ್ರಂಕು, ಹೊಲಿಗೆ ಯಂತ್ರಗಳನ್ನು ಹಿಂದಿನಿಂದ ಮುಂದಕ್ಕೆ ತಂದಿಡಿಸಿದೆ. ಬಟ್ಟೆ ಗಂಟುಗಳನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಸಿದೆ. ಹಾಗೆ ಮನೆ ಹಗುರಾಯಿತು, ಕಾರು ಭಾರವಾಯಿತು. ಶಿವಮ್ಮ ಕೆಳಗಿಳಿದು ನಿಂತಿದ್ದಳು.

"ಓಡುವಾಗ ಒಳಗೆ ಯಾರೂ ಕೂರಬಾರದು" ಎಂದೆ.

"ಅಂಗಾರೆ ನಾನು ಬಸ್ನಲ್ಲಿ ಬತ್ತೀನಿ ಬುಡಿ" ಎಂದಳು. ನಗುವವರಿಗೆ ಕೇಳಿಸುವಂತೆ ಹೇಳಿರಲಿಲ್ಲ. "ಒಳ್ಗೆ ಒಬ್ಳೇ ಕೂತಿದ್ರೂ ಅಷ್ಟೇಯ. ಮನೆ ಮುಂದ್ಕೆ ಓಯ್ತಾ ಇರ್ತದೆ, ಮಾತಾಡ್ಸಕ್ಕೆ ಒಂದು ಜೀವ ಇರಕಿಲ್ಲ. ಕೂಗುದ್ರೂ ಅವ್ರಿಗೆ ಕೇಳಕಿಲ್ಲ. ಅವತ್ತು ಓಲಾಡ್ದಾಗ ಎಷ್ಟು ಕೂಗ್ದೆ."

ಮಾದಪ್ಪ ನೆಲ ನೋಡಿದ. ಆ ಕೂಗು ಅವನಿಗೆ ನಿಜವಾಗಿಯೂ ಕೇಳಿಸಿರಲಿಲ್ಲ ಎಂದು ಅವನ ಮುಖದಲ್ಲಿತ್ತು.

"ಬಸ್ಸು ಬೇಡ ತಾಯಿ. ನಿಮ್ಮ ತೂಕ ಕಾರಿನಲ್ಲಿದ್ದರೆ ಗಾಡಿಗೆ ಹಿಡಿತ ಜಾಸ್ತಿ. ನೀವು ಮುಂದೆ ಕೂತರೇ ಈ ಮನೆ ನೆಟ್ಟಗೆ ಹೋಗುವುದು" ಎಂದೆ.

"ಚೆನ್ನಾಗದೆ!" ಎಂದರು ಗುರುಸಿದ್ದಪ್ಪನವರು. "ಮನೆ ಸೊಸೆ ಪ್ಯಾಟೆ ಬೀದೀಲಿ ದೊರೆಸಾನಿ ಅಂಗೆ ಮುಂದ್ಗಡೆ ಕೂತ್ಕಂಡು ಓಗದಾ? ಲೋ ಮಾದ, ನಿಂಗೇನಾದ್ರೂ ಮಾನ ಅದಾ?"

ಮಾದಪ್ಪ ಬಗ್ಗಿ ಕೊಕ್ಕೆಯನ್ನು ಸುಮ್ಮನೆ ತಿರುವತೊಡಗಿದ. ಅಣ್ಣನ ಮುಂದೆ ಅವನ ದನಿ ಎಂದೂ ಎದ್ದಿರಲಾರದು. ಅವಳು ಮುಂದೆ ಕೂರುವುದಿಲ್ಲ ಎಂದು ಅವನು ಅಣ್ಣನಿಗೆ ಒಪ್ಪಿಕೊಂಡುಬಿಟ್ಟರೆ ಕಾರವಾನು ಈರುಳ್ಳಿ ಗುಡಿಸಲಾಗುವುದು ಖಂಡಿತ ಎಂದು ನನಗನ್ನಿಸಿತು.

ಶಿವಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. "ಸ್ವಾಮಿ, ಅದ ಕಾಗ್ದದಲ್ಲಿ ಬರ್ದ್ಬುಡಿ. ನಾನಾಗಿ ಕೂರ್ನಿಲ್ಲ, ಸರ್ಕಾರ ಏಳ್ತು ಅಂತ ಕೂತ್ಕತೀನಿ. ಬಾವಾರು ಸರ್ಕಾರನ ಕೇಳ್ಕಳ್ಳಿ."

ಹಮಾಲರು ಈಗ ಬೇರೆ ಥರ ನಕ್ಕರು. ಗುರುಸಿದ್ದಪ್ಪನವರು ಎಲೆಯಡಿಕೆ ಉಗಿಯಲು ಎದ್ದು ಹೋದರು.

ನಾನು ಬರೆದುಕೊಟ್ಟೆ. ಚಲಿಸುವಾಗ ಕಾರವಾನಿನಲ್ಲಿ ಯಾರೂ ಇರಕೂಡದು. ಮಾಲೀಕರ ಪತ್ನಿ ಕಾರಿನ ಮುಂದಿನ ಸೀಟಿನಲ್ಲಿಯೇ ಕೂರತಕ್ಕದ್ದು. ಕೆಳಗೆ ಸಹಿ, ಮೊಹರು. ಮೊದಲನೆಯದನ್ನು ನಿಯಮ ತೋರಿಸಿ ಸಮರ್ಥಿಸಿಕೊಳ್ಳಬಲ್ಲೆ. ಎರಡನೆಯದಕ್ಕೆ ಯಾವ ನಿಯಮವೂ ಇರಲಿಲ್ಲ. ಭಾರದ ಲೆಕ್ಕಕ್ಕೆ ಆಕೆ ಹಿಂದಿನ ಸೀಟಿನಲ್ಲಿ ಕೂತರೂ ನಡೆಯುತ್ತಿತ್ತು. ಆದರೆ ಅಲ್ಲಿ ಬಟ್ಟೆ ಗಂಟುಗಳಿದ್ದವು, ಅಲ್ಲಿ ಇಡಿಸಿದವನು ನಾನೇ. ತೂಕಕ್ಕಾಗಿ ಇಡಿಸಿದೆನೋ, ಆ ಜಾಗ ತುಂಬಿಬಿಡಲಿ ಎಂದು ಇಡಿಸಿದೆನೋ? ಇದನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಂದು ತೂಕಕ್ಕೆಂದೇ ನಂಬಿದ್ದೆ.

ಮೂತಿಯನ್ನು ಕೊನೆಯ ಸಲ ತೂಗಿದಾಗ ನೂರರ ಹತ್ತಿರ ಬಂತು. ಕಾರು ಹೊರಟಿತು. ಪೇಟೆಬೀದಿಯಲ್ಲಿ ಅಂಗಡಿಗಳವರು ಹೊರಗೆ ಬಂದು ನೋಡಿದರು. ಯಾರೋ ಸಿಳ್ಳೆ ಹೊಡೆದರು. ಮೊದಲು ಶಿವಮ್ಮ ಕಾಗದವನ್ನು ಎಲ್ಲರಿಗೂ ಕಾಣುವಂತೆ ಎದೆಗೊತ್ತಿ ಹಿಡಿದಿದ್ದಳು. ತಿರುವಿಗೆ ಬರುವಷ್ಟರಲ್ಲಿ ಅದು ಕೈಯಲ್ಲಿರಲಿಲ್ಲ. ಗಂಡನ ಕಡೆ ತಿರುಗಿ ಏನೋ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಕಾರವಾನು ಅವರ ಹಿಂದೆ ಒಂದಿಷ್ಟೂ ಅಲುಗದೆ ಬೇಗೂರಿನ ರಸ್ತೆ ಹಿಡಿಯಿತು.

ನಾನು ಬಸ್ಸಿಗಾಗಿ ಬಹಳ ಹೊತ್ತು ಕಾದೆ. ಅವರನ್ನು ಮತ್ತೆ ನೋಡಲಿಲ್ಲ. ಚಂದಕವಾಡಿಯ ಸಂತೆಯಲ್ಲಿ ಗಾಲಿಮನೆಯಲ್ಲಿ ಬಟ್ಟೆ ಮಾರುವವರಿದ್ದಾರೆ ಎಂದು ಒಬ್ಬ ಬಸ್ ಕಂಡಕ್ಟರ್ ಹೇಳಿದ್ದ. ಹೋಗಿ ನೋಡಬಹುದಿತ್ತು. ಪರೀಕ್ಷೆ ಮಾಡಬೇಕಾದ ಕಾರಣವಿಲ್ಲದೆ ಒಬ್ಬರ ಮನೆಗೆ ಹೇಗೆ ಹೋಗುವುದೆಂದು ನನಗೆ ತಿಳಿಯಲಿಲ್ಲ.

ಆ ದಿನದಿಂದ ನಿವೃತ್ತಿಯವರೆಗೆ, ಯಾವ ಗಾಡಿಯನ್ನು ತೂಗುವ ಮುಂಚೆಯೂ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ: ಯಾರ‍್ಯಾರು ಬರುತ್ತೀರಿ, ಎಲ್ಲೆಲ್ಲಿ ಕೂರುತ್ತೀರಿ? ಯಾವ ಕೈಪಿಡಿಯಲ್ಲೂ ಅದಿಲ್ಲ, ಕೆಲಸವೇ ಕಲಿಸಿತು. ಜನ ಯೋಚಿಸಿ, ಒಬ್ಬರ ಮುಖ ಒಬ್ಬರು ನೋಡಿ, ಹೇಳುತ್ತಿದ್ದರು. ಆಗ ನನಗೆ ತಿದ್ದಲು ಏನಾದರೂ ಸಿಗುತ್ತಿತ್ತು. "ಯಾರೂ ಇಲ್ಲ ಸಾರ್, ನಾನೊಬ್ನೇ" ಎಂದವರ ಕಾಗದಕ್ಕೆ ಬೇಗ ಸಹಿ ಹಾಕಿ, ಮುಂದಿನ ಗಾಡಿಯ ಹತ್ತಿರ ಹೋಗಿಬಿಡುತ್ತಿದ್ದೆ.