ತೆನೆ ಮುದ್ರೆಯ ಹೊಳೆವ್ವ

ಮುದ್ರೆ ಕೈಗೆ ಬಂದ ಮೇಲೆ ಹೊಳೆವ್ವನ ನಡಿಗೆಯೇ ಬದಲಾಯಿತು ಎಂದು ಗಂಡ ಮಲಕಪ್ಪ ಛೇಡಿಸುತ್ತಿದ್ದ. ಬದಲಾಗಿದ್ದರೆ ತಪ್ಪೇನು? ಬಾಗಲಕೋಟೆ ಕಡೆಯಿಂದ ಬಂದು ವರ್ಷಗಟ್ಟಲೆ ಇಟ್ಟಿಗೆ ಹೊತ್ತವಳು. ಈಗ ಅವಳು ಒತ್ತದೆ ಮಾದನಾಯಕನಹಳ್ಳಿಯ ರಾಜೇಂದ್ರನ ಶೆಡ್ಡಿನಿಂದ ಒಂದು ಹಲಗೆಯೂ ಸಮುದ್ರ ದಾಟುವಂತಿರಲಿಲ್ಲ.

ಆ ಶೆಡ್ಡಿನಲ್ಲಿ ಮಾಡುತ್ತಿದ್ದದ್ದು ಪ್ಯಾಲೆಟ್ಟು. ಪೀಣ್ಯದ ಕಾರ್ಖಾನೆಗಳು ಯಂತ್ರದ ಭಾಗಗಳನ್ನು ಹೊರದೇಶಕ್ಕೆ ಕಳಿಸುವಾಗ ಅವುಗಳ ಅಡಿಯಲ್ಲಿ ಇಡುವ ಮರದ ಚೌಕಟ್ಟು ಅದು. ಹಸಿ ಮರದಲ್ಲಿ ಹುಳು ಸೇರಿಕೊಂಡಿರುತ್ತದೆ. ಟಿಕೆಟ್ಟಿಲ್ಲದೆ ಹಡಗು ಹತ್ತಿ ಹೋಗಿ, ಇಳಿದ ಕಡೆಯ ಕಾಡನ್ನೇ ಮೇಯುತ್ತದೆ. ಹಾಗಾಗಬಾರದೆಂದು ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ನಮ್ಮ ಸರ್ಕಾರವೂ ಒಪ್ಪಿ ನಿಯಮ ತಂದಿತು: ಹೊರಗೆ ಹೋಗುವ ಮರವನ್ನು ಬಿಸಿ ಕೋಣೆಯಲ್ಲಿಟ್ಟು ತಿರುಳಿನವರೆಗೂ ಕಾಯಿಸಬೇಕು, ಆಮೇಲೆ ತೆನೆಯ ಚಿತ್ರವಿರುವ ಮುದ್ರೆ ಒತ್ತಬೇಕು. ದಿಲ್ಲಿಯಿಂದ ಹೊರಟ ಆ ನಿಯಮ ಕೊನೆಗೆ ಬಂದು ನಿಂತದ್ದು ಹೊಳೆವ್ವನ ಬಲಗೈಯಲ್ಲಿ.

ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದವನು ರಾಜೇಂದ್ರನೇ. ಶೆಡ್ಡಿನ ಬಾಗಿಲಲ್ಲಿ ಕಡಿದುಳಿದಿದ್ದ ತೆಂಗಿನ ಬುಡವೊಂದನ್ನು ತೋರಿಸಿ, "ಇಲ್ಲೆಲ್ಲ ನಮ್ ತೋಟ ಇತ್ತಕ್ಕ. ಎಲ್ಲಿಂದಲೋ ನುಸಿ ಬಂತು, ಕಾಯೆಲ್ಲ ಕಜ್ಜಿ ಹಿಡ್ದು ಉದುರ್ಹೋಯ್ತು. ಕಡೀವಾಗ ನಮ್ಮಮ್ಮ ಮೂರು ದಿನ ಊಟ ಬಿಟ್ಟಿದ್ರು. ಬೇರೆ ದೇಶದವ್ರಿಗೆ ಅಂಥ ಗತಿ ನಮ್ಮಿಂದ ಬರ್ಬಾರ್ದು ಅಂತ ಈ ಮುದ್ರೆ," ಎಂದಿದ್ದ. ಹೊಳೆವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕಬ್ಬಿಣದ ಅಚ್ಚನ್ನು ಕೆಂಡದಲ್ಲಿ ಕಾಯಿಸಿ ಹಲಗೆಗೆ ಒತ್ತುವಾಗ ಏಳುವ ಹೊಗೆಯ ವಾಸನೆಯೂ ಅವಳಿಗೆ ಸೇರುತ್ತಿತ್ತು. ಅದೇ ಶೆಡ್ಡಿನಲ್ಲಿ ಮೊಳೆ ಹೊಡೆಯುತ್ತಿದ್ದ ಮಲಕಪ್ಪ ಚೂರುಪಾರು ಹಲಗೆಯಲ್ಲಿ ಮೊಮ್ಮಗಳಿಗೆ ತೊಟ್ಟಿಲು ಮಾಡಿ, "ಚಂದ ಕಾಣ್ತದ, ಒಂದು ತೆನಿ ಒತ್ತು," ಎಂದು ಗೋಗರೆದ. "ಕೂಸಿನ ತೊಟ್ಟಿಲ ಹಡಗ ಹತ್ತತೈತೇನು?" ಎಂದು ಅವನ ಬಾಯಿ ಮುಚ್ಚಿಸಿದಳು.

ಇಂಥವಳ ಮುಂದೆ ಒಂದು ದಿನ ರಾಜೇಂದ್ರನೇ ಎಡವಿದ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ಜನರೇಟರ್ ಕೈಕೊಟ್ಟಿತ್ತು, ಬಿಸಿ ಕೋಣೆ ತಣ್ಣಗೆ ಬಿದ್ದಿತ್ತು. ಹೊರಗೆ ಪೀಣ್ಯದ ಲಾರಿ ಬಂದು ನಿಂತಿತ್ತು. ಸಂಜೆಯೊಳಗೆ ಪ್ಯಾಲೆಟ್ಟು ಸಿಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಫೋನಿನಲ್ಲಿ ಗದರಿಸಿದ್ದರು. ಶೆಡ್ಡಿನ ಅರ್ಧ ವ್ಯಾಪಾರ ಅವರದೇ.

"ಒತ್ಬಿಡಕ್ಕ," ಎಂದ ರಾಜೇಂದ್ರ. "ಕೆಂಡಕ್ಕೇನು ಕರೆಂಟ್ ಬೇಕಾ? ಜರ್ಮನಿಯವ್ರು ಬಂದು ನೋಡ್ತಾರಾ?"

"ಕಾಯಿಸದ ಕಟಗಿಗೆ ಒತ್ತೂದಿಲ್ರೀ ಸಾವ್ಕಾರ್ರ."

"ಹಂಗಾದ್ರೆ ಇತ್ಲಾಗ್ ಕೊಡು. ನಾನೇ ಒತ್ತ್‌ಕೊತೀನಿ. ನಾಳೆಯಿಂದ ನೀನು ಬರೋದೂ ಬೇಡ."

ಮಲಕಪ್ಪ ಸುತ್ತಿಗೆ ಕೆಳಗಿಟ್ಟ. ಬಾಡಿಗೆ ಕೋಣೆ, ಬಾಣಂತಿ ಮಗಳು, ಕೂಸು, ಎಲ್ಲ ಅವನ ಕಣ್ಣ ಮುಂದೆ ಬಂದವು. ಹೊಳೆವ್ವನಿಗೂ ಅವು ಕಾಣದೆ ಇರಲಿಲ್ಲ. ಆದರೂ ಅಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗಿ ಆ ತೆಂಗಿನ ಬುಡದ ಪಕ್ಕದಲ್ಲಿ ಕೂತಳು. ಬುಡದ ಮೇಲೆ ಎಂದಿನಂತೆ ರಾಜೇಂದ್ರನ ತಾಯಿ ರಾಮಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು.

"ನುಸಿ ಬಂದಾಗ ಇದು ಯಾರ ತ್ವಾಟ ಅಂತ ಕೇಳಿ ಬಂದಿತ್ತೇನ್ರೀ?" ಎಂದು ರಾಜೇಂದ್ರನನ್ನು ಕೇಳಿದಳು ಹೊಳೆವ್ವ, ದನಿ ಏರಿಸದೆ. "ನಮ್ಮ ಹುಳಾನೂ ಕೇಳೂದಿಲ್ಲ. ಅಲ್ಲೂ ಒಬ್ಬಾಕಿ ಹಿಂಗ ಬುಡದ ಮ್ಯಾಲ ಕುಂದ್ರಬೇಕಾಗತೈತಿ. ನೀವ ಹೇಳಿಕೊಟ್ಟ ಮಾತ್ರೀ ಇದು. ಕೆಲಸ ಹೋದ್ರ ಹೋಗ್ಲಿ, ಮೊದಲ ನಿಮ್ಮ ಅವ್ವಾರ ಮುಂದ ಹೇಳ್ರಿ, ಒತ್ತು ಅಂತ."

ರಾಮಮ್ಮ ಅಗಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದರು. ರಾಜೇಂದ್ರ ಬೈಕು ಹತ್ತಿ ಹೊರಟೇಹೋದ. ಲಾರಿಯ ಡ್ರೈವರು ಬೀಡಿ ಹಚ್ಚಿದ. ಮಲಕಪ್ಪ ಗಂಟುಮೂಟೆ ಕಟ್ಟುವ ಲೆಕ್ಕಾಚಾರದಲ್ಲಿದ್ದ.

ಊಟದ ಹೊತ್ತು ಕಳೆದ ಮೇಲೆ ಟ್ರ್ಯಾಕ್ಟರೊಂದು ಒಳಗೆ ಬಂತು. ಹಿಂದಿನ ಟ್ರೈಲರಿನಲ್ಲಿ ಯಾರದೋ ಮದುವೆ ಛತ್ರದಿಂದ ಬೇಡಿ ತಂದ ಜನರೇಟರ್, ಅದನ್ನು ತಬ್ಬಿಕೊಂಡು ರಾಜೇಂದ್ರ. ಬಿಸಿ ಕೋಣೆ ಗುಡುಗುಡು ಎಂದಿತು. ಕಾರ್ಖಾನೆಯವರ ಬೈಗುಳವನ್ನು ಅವನು ಫೋನಿನಲ್ಲಿ ನಿಂತು ತಿಂದ, ನಾಳೆ ಬೆಳಿಗ್ಗೆವರೆಗೆ ಗಡುವು ಕೇಳಿ ಪಡೆದ. ಮರ ತಿರುಳಿನವರೆಗೂ ಕಾದ ಮೇಲೆ ಹೊಳೆವ್ವ ಎದ್ದು, ಅಚ್ಚನ್ನು ಕೆಂಡಕ್ಕಿಟ್ಟು, ಒಂದೊಂದಕ್ಕೂ ಒತ್ತುತ್ತ ಹೋದಳು. ಅಷ್ಟು ಚೊಕ್ಕವಾಗಿ ತೆನೆ ಹಿಂದೆಂದೂ ಮೂಡಿರಲಿಲ್ಲ ಎಂದು ಮಲಕಪ್ಪನೇ ಒಪ್ಪಿಕೊಂಡ. ಗಂಡನ ಬಾಯಲ್ಲಿ ಅಂಥ ಮಾತು ಬರುವುದೇನು ಸಣ್ಣ ಸಂಗತಿಯಲ್ಲ.

ಆ ಗಿರಾಕಿ ಉಳಿದ. ಈಗ ಹೊಸ ಗಿರಾಕಿ ಯಾರೇ ಅವಸರ ಮಾಡಲಿ, ರಾಜೇಂದ್ರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೀಸೆ ತೀಡುತ್ತಾನೆ.

"ನಾನು ಬರೀ ಓನರ್ ಸಾರ್," ಎನ್ನುತ್ತಾನೆ, ದೊಡ್ಡ ಹೆಮ್ಮೆಯಿಂದ. "ಮರ ಕಾದಿಲ್ಲ ಅಂದ್ರೆ ನಾನು ಕೇಳಿದ್ರೂ ನಮ್ ಹೊಳೆವ್ವ ಮುದ್ರೆ ಒತ್ತಲ್ಲ."