ಹೆರ್ಮೆಲಿಂದಾಳ ಎಣಿಸದ ವರ್ಷಗಳು

ಮಾತಿನ ಚಪಲದವನ ಕೈಗೆ ಧ್ವನಿವರ್ಧಕ ಸಿಕ್ಕರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಸಾಂತಾ ಕಿತೇರಿಯಾ ಎಂಬ ಊರಿನ ಲೆಯೊಬಾರ್ದೋನನ್ನು ನೋಡಬೇಕು. ಚೌಕದ ಮೂಲೆಯಲ್ಲಿ ಅವನ ಮನೆ, ಮಾಡಿನ ಮೇಲೆ ಎರಡು ತಗಡಿನ ತುತ್ತೂರಿ. ಯಾರ ಮನೆಯಲ್ಲಿ ಹಂದಿ ಕಡಿದಿದ್ದಾರೆ, ಯಾರ ಮನೆಯಲ್ಲಿ ಬಿಸಿ ತಮಾಲೆ, ಎಂದರೆ ಮೆಕ್ಕೆಜೋಳದ ಕಡುಬು, ಸಿಗುತ್ತದೆ ಎಂದು ಸಾರುವುದು ಅವನ ಹೊಟ್ಟೆಪಾಡು. ಆದರೆ ಅವನ ಜೀವವೆಲ್ಲ ಇದ್ದದ್ದು ಬೆಳಗಿನ ಮೊದಲ ಮಾತಿನಲ್ಲಿ. ಇವತ್ತು ಎಂಥ ದಿನ? ಕುರಿ, ಬಾತುಕೋಳಿ, ಹುಂಜ ಮೂರೂ ಬಲೂನು ಹತ್ತಿ ಆಕಾಶಕ್ಕೆ ಹೋದ ದಿನ. ನಮ್ಮೂರ ಪಾದ್ರಿಯ ಕತ್ತೆ ಪೂಜೆಯ ನಡುವೆ ಇಗರ್ಜಿಗೆ ನುಗ್ಗಿದ ದಿನ. ಆಮೇಲೆ ಅವತ್ತು ಹುಟ್ಟಿದವರ ಹೆಸರು, ವಯಸ್ಸು, ಒಂದು ಕುಚೋದ್ಯ, ಕೊನೆಗೆ ಹುಟ್ಟುಹಬ್ಬದ ಹಾಡು. ಹಾಡಿಸಿಕೊಂಡವರು ಮಧ್ಯಾಹ್ನದೊಳಗೆ ಅವನಿಗೊಂದು ತಟ್ಟೆ ತಮಾಲೆ ಕಳಿಸುವುದು ಊರ ರೂಢಿ.

ಫೆಬ್ರವರಿ ಇಪ್ಪತ್ತೊಂಬತ್ತೆಂದರೆ ಅವನಿಗೆ ವಿಶೇಷ ಹುರುಪು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ, ಮಾತು ಅದಕ್ಕೆ ತಕ್ಕಂತಿರಬೇಡವೇ? ಅವತ್ತು ಹುಟ್ಟಿದವಳು ಊರಿಗೆಲ್ಲ ಒಬ್ಬಳೇ, ಬಟ್ಟೆ ಹೊಲಿಯುವ ಹೆರ್ಮೆಲಿಂದಾ. ಊರ ಹುಡುಗಿಯರಿಗೆಲ್ಲ ಹದಿನೈದು ತುಂಬಿದ ಹಬ್ಬಕ್ಕೆ ನೆರಿಗೆಯ ಗೌನು ಹೊಲಿದುಕೊಟ್ಟವಳು, ತಾನು ಮದುವೆಯಾಗದೇ ಉಳಿದವಳು. ಕೆಲವು ವರ್ಷಗಳಿಂದ ಉಪ್ಪಿನ ಲಾರಿಯ ಕ್ರಿಸೋಫೊರೋ, ಹೆಂಡತಿ ಸತ್ತ ಸಂಕೋಚದ ಮನುಷ್ಯ, ಉಪ್ಪು ಮಾರಿ ಮುಗಿಸಿ ಅವಳ ಬಾಗಿಲಲ್ಲಿ ಒಂದು ಲೋಟ ಬಿಸಿ ಚಾಕಲೇಟು ಕುಡಿದು ಹೋಗುತ್ತಿದ್ದ. ಊರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಟ್ಟವನು ಲೆಯೊಬಾರ್ದೋ. ಅದೂ ಬಾಯಿತಪ್ಪಿ ಅಲ್ಲ, ವಾರಗಟ್ಟಲೆ ಮಸೆದು ಹರಿತ ಮಾಡಿಕೊಂಡು.

"ಕೇಳ್ರಪ್ಪೋ! ನಮ್ಮ ಹೆರ್ಮೆಲಿಂದಾಗೆ ಇವತ್ತು ಬರೀ ಹನ್ನೆರಡನೇ ಹುಟ್ಟುಹಬ್ಬ! ಊರಿಗೆಲ್ಲ ಗೌನು ಹೊಲ್ದೋಳು, ತನ್ನ ಹದಿನೈದರ ಗೌನಿಗೆ ಇನ್ನೂ ಹನ್ನೆರಡು ವರ್ಷ ಕಾಯ್ಬೇಕು. ಏ ಕ್ರಿಸೋಫೊರೋ, ನೀನೂ ಕಾಯಪ್ಪ!"

ಚೌಕವೆಲ್ಲ ನಕ್ಕಿತು. ಅವನಿಗೆ ಎದೆ ಉಬ್ಬಿತು. ಆದರೆ ಆ ನಗು ಅವತ್ತಿಗೇ ಮುಗಿಯಲಿಲ್ಲ. ಹದಿನೈದರ ಹಬ್ಬದಲ್ಲಿ ಹುಡುಗಿ ಕೊನೆಯ ಗೊಂಬೆಯನ್ನು ಕೈಬಿಡುತ್ತಾಳಲ್ಲ, ಅಂಥದೊಂದು ಗೊಂಬೆಯನ್ನು ಯಾರೋ ಲಾರಿಯ ಕನ್ನಡಿಗೆ ಕಟ್ಟಿದರು. "ಮಾವಾ, ಹುಡುಗಿಗೆ ಮಿಠಾಯಿ ತಂದ್ಯಾ?" ಎಂದು ಮಾಂಸದಂಗಡಿಯವರು ಕೂಗಿದರು. ಕ್ರಿಸೋಫೊರೋ ಮೊದಲು ನಕ್ಕ, ಆಮೇಲೆ ತಲೆ ತಗ್ಗಿಸಿದ, ಮಳೆಗಾಲದ ಹೊತ್ತಿಗೆ ಬರುವುದನ್ನೇ ಬಿಟ್ಟ.

"ಎಲ್ಲರೂ ನಗ್ತಿದ್ರು ಕಣೇ, ನಾನೊಬ್ನೇನಾ?" ಎಂದ ಲೆಯೊಬಾರ್ದೋ.

"ಎಲ್ಲರ ಮನೆ ಮಾಡಿನ ಮೇಲೂ ತುತ್ತೂರಿ ಇದ್ಯಾ?" ಎಂದಳು ಹೆಂಡತಿ ಚೋನಾ.

ಆ ಮಾತು ಅವನಿಗೆ ನಾಟಿತು. ಹೆರ್ಮೆಲಿಂದಾಳ ಮುಚ್ಚಿದ ಬಾಗಿಲು ಕಂಡಾಗಲೆಲ್ಲ ಬೇರೆ ದಾರಿ ಹಿಡಿಯುತ್ತಿದ್ದ. ನಿದ್ದೆ ಕೆಟ್ಟಿತು. ಕೊನೆಗೆ ಬಸ್ಸು ಹತ್ತಿ ಸಮುದ್ರದ ಕಡೆಯ ಉಪ್ಪಿನ ಗದ್ದೆಗೆ ಹೋಗಿ ಕ್ರಿಸೋಫೊರೋನ ಮುಂದೆ ನಿಂತ.

"ತಪ್ಪಾಯ್ತಣ್ಣ. ವಾಪಸ್ ಬಾ. ಊರ ಮುಂದೇನೇ ಕ್ಷಮೆ ಕೇಳ್ತೀನಿ."

"ನನ್ನೊಬ್ಬನ್ನೇ ಆಡಿಕೊಂಡಿದ್ರೆ ತಡ್ಕೋತಿದ್ದೆ ಲೆಯೋ. ನಾನು ಲಾರಿ ನಿಲ್ಸಿದಾಗೆಲ್ಲ ಅವಳನ್ನ ನೋಡಿ ನಗೋರು. ನನ್ನಿಂದ ಅವಳಿಗ್ಯಾಕೆ ಅದು ಅಂತ ಬಿಟ್ಬಿಟ್ಟೆ."

ಒಳಗಿನಿಂದ ಒಬ್ಬ ಹೆಂಗಸು ಕ್ರಿಸೋಫೊರೋನನ್ನು ಊಟಕ್ಕೆ ಕರೆದಳು. ಹೊಸ ಹೆಂಡತಿ. ಲೆಯೊಬಾರ್ದೋ ಬಸ್ಸಿಗೆ ಹಿಂತಿರುಗಿದ.

ಮತ್ತೆ ಫೆಬ್ರವರಿ ಬಂತು. ಈ ಸಲ ಇಪ್ಪತ್ತೆಂಟಕ್ಕೇ ತಿಂಗಳು ಮುಗಿಯುತ್ತಿತ್ತು. ಅಂಥ ವರ್ಷಗಳಲ್ಲಿ ಇಪ್ಪತ್ತೆಂಟರ ಬೆಳಿಗ್ಗೆ "ಹೆರ್ಮೆಲಿಂದಾಗೆ ಈ ವರ್ಷ ವಯಸ್ಸಾಗಲ್ಲ" ಎಂದಷ್ಟೇ ಹೇಳಿ ಹಾಡು ಹಾಕದೆ ಮುಗಿಸುತ್ತಿದ್ದ. ಅದೂ ಒಂದು ಕುಚೋದ್ಯವೇ. ಈ ಸಲ ಇಪ್ಪತ್ತೇಳಕ್ಕೇ ಟೋಪಿ ಕೈಯಲ್ಲಿ ಹಿಡಿದು ಅವಳ ಮನೆಗೆ ಹೋದ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಉಪ್ಪಿನ ಗದ್ದೆಗೆ ಹೋಗಿದ್ದೆ. ತಡ ಆಗಿಹೋಗಿತ್ತು. ನಾಳೆ ನಿನ್ನ ಹೆಸರೇ ಎತ್ತಲ್ಲ ಹೆರ್ಮೆಲಿಂದಾ, ಆಣೆ."

"ಎತ್ತು," ಎಂದಳು. "ಹೆಸರು ಎತ್ತು, ವಯಸ್ಸು ಹೇಳು. ಪೂರ್ತಿ ವಯಸ್ಸು. ನೀನು ಎಣಿಸದೆ ಬಿಟ್ಟ ವರ್ಷಗಳನ್ನೂ ನಾನು ಬದುಕಿದ್ದೀನಿ. ಅವನು ಬಂದಿದ್ದೂ ಆ ವರ್ಷಗಳಲ್ಲೇ."

ಲೆಯೊಬಾರ್ದೋ ಟೋಪಿ ಹಾಕಿಕೊಂಡ. ಅವಳ ಮುಖ ನೋಡುವ ಧೈರ್ಯವಾಗದೆ ನಾಚಿಕೆಯಿಂದ ಹೊರಟುಬಂದ.

ಬೆಳಿಗ್ಗೆ ತುತ್ತೂರಿಯಲ್ಲಿ ಕುರಿಯೂ ಇಲ್ಲ, ಕತ್ತೆಯೂ ಇಲ್ಲ. "ಹೆರ್ಮೆಲಿಂದಾಗೆ ನಲವತ್ತೊಂಬತ್ತು ತುಂಬಿತು. ಹೋದ ವರ್ಷ ನಾನು ಆಡಿದ್ದು ಕೆಟ್ಟ ಮಾತು. ತಪ್ಪು ನಂದು," ಎಂದು ಹಾಡು ಹಾಕಿದ. ಮಾಂಸದಂಗಡಿಯಲ್ಲಿ ಯಾರೋ ಕಿಸಕ್ಕೆಂದರು, ಜೊತೆಗೆ ಬೇರೆ ಯಾರೂ ನಗಲಿಲ್ಲ.

ಮಧ್ಯಾಹ್ನ ರೂಢಿಯಂತೆ ಅವಳಿಂದ ತಟ್ಟೆ ಬಂತು. ಬಾಳೆಲೆಯಲ್ಲಿ ಸುತ್ತಿದ ಎರಡು ದಪ್ಪ ತಮಾಲೆ, ಇನ್ನೂ ಹಬೆಯಾಡುತ್ತಿದ್ದವು. ಕ್ಷಮಿಸಿದಳು ಎಂದುಕೊಂಡು ಅವನ ಕಣ್ಣು ತುಂಬಿತು. ಬಿಚ್ಚಿ ಬಾಯಿಗಿಟ್ಟರೆ ಒಂದು ಹರಳು ಉಪ್ಪಿಲ್ಲ.

"ಏನಾಯ್ತು? ಉಪ್ಪು ಕೊಡ್ಲಾ?" ಎಂದಳು ಚೋನಾ.

"ಬೇಡ," ಎಂದ ಲೆಯೊಬಾರ್ದೋ. ತಲೆ ತಗ್ಗಿಸಿಕೊಂಡು ಎರಡನ್ನೂ ಹಾಗೆಯೇ ತಿಂದು ಮುಗಿಸಿದ.