ಕೋಳಿ ಸೂಪಿನಲ್ಲಿದ್ದ ಬೇರು

ನರ್ಸ್ ಆಂಟಿ ನಮ್ಮ ಮನೆಗೆ ಬಂದರೆ ಮೊದಲು ಒಳಗೆ ಬರುತ್ತಿದ್ದುದು ಅವರ ಮೂಗು. ಉದ್ದನೆಯ, ತುದಿಯಲ್ಲಿ ತುಸು ಬಾಗಿದ, ಕನ್ನಡಕದ ಭಾರಕ್ಕೆ ಎರಡೂ ಬದಿ ಕೆಂಪು ಗುರುತು ಬಿದ್ದ ಮೂಗು. ಅರಬರ ನಾಡಿನ ಮೈದಾನ್ ಹವಲ್ಲಿ ಎಂಬ ಬಡಾವಣೆಯ ನಮ್ಮ ಕಟ್ಟಡದಲ್ಲಿ ಯಾರ ಮನೆಯ ಮೀನು ಸೀದಿದೆ ಎಂಬುದು ಮೆಟ್ಟಿಲಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಊರಿನಲ್ಲಿ ಶಿರ್ವದ ಕಡೆಯ ಕ್ರಿಶ್ಚಿಯನ್ನರು, ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದವರು ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ನನ್ನ ಹೆಂಡತಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಆಂಟಿ ಗೊತ್ತಿದ್ದೇ ತೆಗೆಯುತ್ತಿದ್ದರು.

ಒಂದು ವರ್ಷ ನನ್ನ ತಾಯಿ, ಉಮ್ಮ, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹೃದಯದ ಕವಾಟ ಬದಲಿಸಿದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನವೂ ನುಂಗಬೇಕಿತ್ತು. ರಾಯ್ ಎಂಬ ಜಾಗದ ಟೈಲ್ಸ್ ಶೋರೂಮಿನಲ್ಲಿ ನನ್ನ ಜೊತೆಗಿದ್ದ ಚೀನಾದ ಗೆಳೆಯ, ಉಮ್ಮನಿಗೆ ಸುಸ್ತು ಎಂದು ಕೇಳಿ, ತನ್ನ ತಾಯಿ ಕೋಳಿ ಸೂಪಿಗೆ ಹಾಕುವ ಡಾಂಗ್ ಕ್ವಾಯ್ ಎಂಬ ಬೇರನ್ನು ಪ್ರೀತಿಯಿಂದ ಕೊಟ್ಟ. ಉಮ್ಮನಿಗೆ ಖುಷಿಯೋ ಖುಷಿ. ಊರಿನ ಬಾಣಂತಿಯರಿಗೆಲ್ಲ ಕೋಳಿಗೆ ನಾರುಬೇರು ಹಾಕಿ ಕುದಿಸಿ ಕುಡಿಸಿದ ಕೈ ಅವರದು. ಚೀನಾದವರೂ ನಮ್ಮ ಹಾಗೆಯೇ ಎನ್ನುತ್ತ ದಿನಾ ಸೂಪು ಮಾಡಿಕೊಂಡು ಕುಡಿದರು.

ಕೆಲವು ವಾರ ಕಳೆದ ಮೇಲೆ ಹಲ್ಲುಜ್ಜಿದರೆ ರಕ್ತ, ತೋಳಿನಲ್ಲಿ ನೀಲಿ ಕಲೆ. ಕ್ಲಿನಿಕ್ಕಿನ ಡಾಕ್ಟರು ಬೇರೆ ಮದ್ದೇನಾದರೂ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿದರು. ಇಲ್ಲವೆಂದೆವು. ಅದು ಸುಳ್ಳೇನೂ ಆಗಿರಲಿಲ್ಲ. ನಮ್ಮ ಲೆಕ್ಕದಲ್ಲಿ ಒಲೆಯ ಮೇಲಿರುವುದು ಊಟ, ಡಬ್ಬಿಯಲ್ಲಿರುವುದು ಮದ್ದು. ಮರುದಿನ ರಕ್ತ ಪರೀಕ್ಷೆಗೆ ಬರಲು ಹೇಳಿದರು.

ಆ ಸಂಜೆ ಆಂಟಿ ಬಂದು ಮುಚ್ಚಳ ತೆಗೆದರು. "ಇದೆಂತ ಪರಿಮಳ? ಎಂತ ಹಾಕಿದ್ದು ಇದಕ್ಕೆ?"

"ಮದ್ದೆಲ್ಲ ಅಲ್ಲ, ಸೂಪಿನ ಬೇರು," ಎಂದರು ಉಮ್ಮ.

ಆಂಟಿ ಬೇರನ್ನು ಚಮಚದಲ್ಲೆತ್ತಿ ಹೆಸರು ಕೇಳಿದರು. ಆಮೇಲೆ ಉಮ್ಮನ ತೋಳು ನೋಡಿದರು. ಮುಖದ ನಗು ಹೋಯಿತು.

"ನಿಮಗೆ ಇದು ಊಟ ಇರಬಹುದು ಉಮ್ಮ, ನಿಮ್ಮ ಮಾತ್ರೆಗೆ ಅದು ಗೊತ್ತಿಲ್ಲ. ಎರಡೂ ಸೇರಿದ್ರೆ ರಕ್ತ ಮತ್ತೂ ತೆಳು ಆಗ್ತದೆ. ಒಳಗೆ ಎಲ್ಲಿಯಾದ್ರೂ ಒಡೆದ್ರೆ ನಿಲ್ಲುವುದಿಲ್ಲ."

ನಾನು ಹೆದರಿ ಬೇರನ್ನು ಕಸಕ್ಕೆ ಎಸೆಯಲು ಹೋದೆ. ಅದಕ್ಕೂ ಬೈದರು. ಹೆದರಿ ಮಾತ್ರೆಯನ್ನೂ ನಾವೇ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟೀತು, ಏನು ಮಾಡಬೇಕೆಂದು ಡಾಕ್ಟರೇ ಹೇಳಬೇಕು, ಅದಕ್ಕೆ ಅವರು ಬೇರನ್ನು ಕಣ್ಣಾರೆ ನೋಡಬೇಕು ಎಂದರು. ಅರಬಿಯಲ್ಲಿ ಯಲ್ಲಾ ಯಲ್ಲಾ ಎಂದು ಅವಸರಪಡಿಸಿ ನಮ್ಮನ್ನು ಹೊರಡಿಸಿ, ಯೂನಿಫಾರ್ಮಿನಲ್ಲೇ ಪಾತ್ರೆ ಸಮೇತ ಕಾರು ಹತ್ತಿದರು. ಎಮರ್ಜೆನ್ಸಿಯಲ್ಲಿ ಅರಬಿ ಡಾಕ್ಟರ ಎದುರು ಸೂಪಿನ ಪಾತ್ರೆ ಹಿಡಿದು ನಿಂತ ಅವರನ್ನು ನೆನೆದರೆ ಈಗಲೂ ನಗು ಬರುತ್ತದೆ. ರಕ್ತ ಮಿತಿಮೀರಿ ತೆಳುವಾಗಿತ್ತು. ಉಮ್ಮನನ್ನು ಅಲ್ಲೇ ಉಳಿಸಿಕೊಂಡು, ಮಾತ್ರೆ ತಡೆದು, ದಿನಾ ಪರೀಕ್ಷೆ ಮಾಡಿ, ಹದಕ್ಕೆ ತಂದು ಕಳಿಸಿದರು. ಆಂಟಿ ಪ್ರತಿ ಸಂಜೆ ಬಂದು, ಆಸ್ಪತ್ರೆಯ ಊಟದ ಮುಚ್ಚಳವನ್ನೂ ತೆಗೆದು ನೋಡುತ್ತಿದ್ದರು.

ನಿವೃತ್ತರಾಗಿ ಊರಿಗೆ ಹೋದ ಆಂಟಿ ಹೋದ ವರ್ಷ ತೀರಿಕೊಂಡರು. ನನಗೆ ರಜೆ ಸಿಗಲಿಲ್ಲ. ಊರಿನಲ್ಲಿದ್ದ ಉಮ್ಮ ಬಸ್ಸು ಬದಲಿಸಿಕೊಂಡು ಶಿರ್ವಕ್ಕೆ ಹೋಗಿ, ಅವರ ಮಗಳ ಕೈ ಹಿಡಿದು ಕೂತು ಬಂದರು. ಬಂದವರೇ ಫೋನು ಮಾಡಿ, ಅಂಥವರ ಮುಖ ನೋಡಲೂ ಬಾರದ ನೀನು ಎಂಥ ಮಗ ಎಂದು ಬಾಯಿಗೆ ಬಂದಂತೆ ಬೈದರು. ನಾನು ಕಣ್ಣೊರೆಸಿಕೊಂಡು ಕೇಳುತ್ತಾ ನಿಂತೆ. ಬೈಯುವುದಕ್ಕೆ ನನಗಿನ್ನೂ ಉಮ್ಮ ಇದ್ದಾರೆ, ಆಂಟಿಯಿಂದಾಗಿ.